ವಾಯಿ ಲಿಪಿಯ ಬರಹವನ್ನು ಕಂಪ್ಯೂಟರಿಗೆ ತರುವುದು ಹೇಗೆ? ಕಾಗದದಿಂದ ವೆಬ್ ಪುಟದವರೆಗೆ

ಪಶ್ಚಿಮ ಆಫ್ರಿಕಾದಲ್ಲಿ ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ದೇಶಗಳ ಗಡಿಯಲ್ಲಿ ವಾಯಿ ಜನ ಇದ್ದಾರೆ. ಅವರ ಭಾಷೆಯ ಹೆಸರೂ ವಾಯಿ. ಒಂದು ಲಕ್ಷಕ್ಕೂ ಜಾಸ್ತಿ ಮಂದಿ ಆಡುವ ಈ ಭಾಷೆಗೆ ಅದರದ್ದೇ ಲಿಪಿ ಇದೆ. ಹೊರಗಿನವರು ತಂದು ಕೊಟ್ಟದ್ದಲ್ಲ, ಊರಿನವನೇ ಒಬ್ಬ ಕಟ್ಟಿದ್ದು. ಕಾಗದ, ಲೆಕ್ಕ, ದಿನಚರಿ ಬರೆಯಲು ಜನ ಅದನ್ನು ಬಳಸುತ್ತಾ ಬಂದಿದ್ದಾರೆ. ಇವತ್ತು ಆ ಲಿಪಿಗೆ, ಲೋಕದ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ (ಕೋಡ್) ಕೊಡುವ ಪಟ್ಟಿಯಾದ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದೆ, ಉಚಿತ ಫಾಂಟ್ ಇದೆ. ಆದರೂ ಒಂದು ಹಳೆಯ ವಾಯಿ ಕಾಗದವನ್ನು ಹುಡುಕಬಹುದಾದ ಪಠ್ಯವಾಗಿ ಮಾಡಲು ಹೊರಟರೆ ಹತ್ತಾರು ಕಡೆ ಕೈ ತಡೆಯುತ್ತದೆ.

ಈ ಬರಹ ಆ ದಾರಿಯನ್ನು ಹಂತ ಹಂತವಾಗಿ ತೋರಿಸುತ್ತದೆ. ನಿಮ್ಮ ಕೈಯಲ್ಲಿ ವಾಯಿ ಬರಹದ ಒಂದು ಪುಟದ ಸ್ಕ್ಯಾನ್ ಇದೆ ಅಂದುಕೊಳ್ಳಿ. ಕೊನೆಯಲ್ಲಿ ಅದು ವೆಬ್ ಪುಟದಲ್ಲಿ ಸರಿಯಾಗಿ ಕಾಣಬೇಕು, ಹುಡುಕಿದರೆ ಸಿಗಬೇಕು, ಇಪ್ಪತ್ತು ವರ್ಷ ಬಿಟ್ಟು ತೆರೆದರೂ ಕೆಡದೆ ಇರಬೇಕು. ಫಾಂಟ್ ಮಾಡುವವರು, ಹಸ್ತಪ್ರತಿಗಳ ಕೆಲಸ ಮಾಡುವವರು, ಸಣ್ಣ ಭಾಷೆಗಳಿಗೆ ತಂತ್ರಾಂಶ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಮೊದಲೇ ಒಂದು ಮಾತು. ಇದರಲ್ಲಿ ಕಂಪ್ಯೂಟರಿನ ಭಾಗ ಸುಲಭ. ಕಾಗದದ ಮೇಲಿನ ಗೀಟು ಯಾವ ಅಕ್ಷರ ಅಂತ ತೀರ್ಮಾನಿಸುವುದೇ ಕಷ್ಟ. ಆ ತೀರ್ಮಾನ ವಾಯಿ ಓದಬಲ್ಲವರದ್ದು, ನಮ್ಮದಲ್ಲ. ಕೆಳಗಿನ ಪ್ರತಿ ಹಂತದಲ್ಲೂ ಇದು ಮತ್ತೆ ಮತ್ತೆ ಎದುರಾಗುತ್ತದೆ.

ಯೂನಿಕೋಡ್ ಸಂಖ್ಯೆಗಳ ಬಗ್ಗೆಯೂ ಒಂದು ಸೂಚನೆ. ಅವನ್ನು ಹದಿನಾರರ ಎಣಿಕೆಯಲ್ಲಿ ಬರೆಯುತ್ತಾರೆ. ಹತ್ತರಿಂದ ಹದಿನೈದರವರೆಗಿನ ಬೆಲೆಗಳಿಗೆ ಇಂಗ್ಲಿಷಿನ ಮೊದಲ ಆರು ಅಕ್ಷರ ಬರುತ್ತವೆ. ಇಲ್ಲಿ ಅವನ್ನು ಎ, ಬಿ, ಸಿ, ಡಿ, ಇ, ಎಫ್ ಅಂತ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ನೀವು ಇಂಗ್ಲಿಷ್ ಅಕ್ಷರವನ್ನೇ ಒತ್ತಬೇಕು.

ಹಂತ 1: ಲಿಪಿ ಎಲ್ಲಿಂದ ಬಂತು ಅಂತ ತಿಳಿಯಿರಿ

ಇದನ್ನು ಬಿಟ್ಟು ಸೀದಾ ಟೈಪಿಂಗಿಗೆ ಹೋಗಬೇಡಿ. ನಿಮ್ಮ ಪುಟ ಯಾವ ಕಾಲದ್ದು ಅನ್ನುವುದರ ಮೇಲೆ ಮುಂದಿನ ಅರ್ಧ ತೀರ್ಮಾನಗಳು ನಿಂತಿವೆ.

ಲಿಪಿಯನ್ನು ಕಟ್ಟಿದವನು ಮೊಮೊಲು ದುವಾಲು ಬುಕೆಲೆ. ಕಾಲ 1830ರ ದಶಕ, ಊರು ಇಂದಿನ ಲೈಬೀರಿಯಾದ ಪಶ್ಚಿಮ ತುದಿಯ ಕೇಪ್ ಮೌಂಟ್ ಪ್ರದೇಶದ ಜೊಂಡು. ಸಿಗಿಸ್ಮಂಡ್ ಕೋಲೆ ಎಂಬ ಜರ್ಮನ್ ಮಿಷನರಿ 1849ರಲ್ಲಿ ಅಲ್ಲಿಗೆ ಹೋಗಿ ಬುಕೆಲೆಯ ಜೊತೆಗೇ ಮಾತಾಡಿದ. ಕನಸಿನಲ್ಲಿ ಒಬ್ಬ ಎತ್ತರದ ಮನುಷ್ಯ ಪುಸ್ತಕ ಹಿಡಿದು ಬಂದು ಅಕ್ಷರಗಳನ್ನು ತೋರಿಸಿದ, ಎದ್ದಾಗ ಕೆಲವು ಮರೆತುಹೋಗಿದ್ದವು, ಗೆಳೆಯರ ಜೊತೆ ಕೂತು ಉಳಿದವನ್ನು ತುಂಬಿಕೊಂಡೆವು ಅಂತ ಬುಕೆಲೆ ಹೇಳಿದ್ದನ್ನು ಕೋಲೆ ಬರೆದಿಟ್ಟಿದ್ದಾನೆ. ಜೊಂಡುವಿನಲ್ಲಿ ಲಿಪಿ ಕಲಿಸುವ ಶಾಲೆಯೂ ನಡೆದಿತ್ತು. ಅಮೆರಿಕದ ಚೆರೋಕೀ ಜನರಿಗೆ ಅದಕ್ಕೆ ಸ್ವಲ್ಪ ಮುಂಚೆ, 1821ರಲ್ಲಿ, ಸೆಕ್ವೋಯಾ ಇಂಥದ್ದೇ ಲಿಪಿ ಕಟ್ಟಿದ್ದ. ಆ ಸುದ್ದಿ ಆಸ್ಟಿನ್ ಕರ್ಟಿಸ್ ಎಂಬ ಚೆರೋಕೀ ವಲಸಿಗನ ಮೂಲಕ ವಾಯಿ ನಾಡಿಗೆ ತಲುಪಿರಬಹುದು ಅಂತ ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಸುದ್ದಿ ತಲುಪಿದ್ದರೂ ಅಕ್ಷರಗಳು ಮಾತ್ರ ಪೂರ್ತಿ ಬೇರೆಯವು.

ಆಮೇಲೆ ಲಿಪಿಯನ್ನು ಎರಡು ಸಲ ಒಪ್ಪವಾಗಿ ಜೋಡಿಸಿದರು. 1899ರಲ್ಲಿ ಮೊಮೊಲು ಮಸಾಕ್ವಾ ಒಂದು ಪಟ್ಟಿ ಮಾಡಿದ. 1962ರಲ್ಲಿ ಲೈಬೀರಿಯಾ ವಿಶ್ವವಿದ್ಯಾಲಯದಲ್ಲಿ ತಿಳಿದವರು ಸೇರಿ ಇನ್ನೊಂದು ಪಟ್ಟಿ ತಯಾರಿಸಿದರು. ಹಾಗಾಗಿ ನಿಮ್ಮ ಪುಟ 1962ರ ನಂತರದ್ದಾದರೆ ಅಕ್ಷರಗಳು ಹೆಚ್ಚು ಕಡಿಮೆ ಪಟ್ಟಿಗೆ ಹೊಂದುತ್ತವೆ. 19ನೇ ಶತಮಾನದ್ದಾದರೆ ಪ್ರತಿ ಸಾಲಿನಲ್ಲೂ ನಿಂತು ನೋಡಬೇಕಾಗುತ್ತದೆ. ಹುಟ್ಟಿದಾಗಿನಿಂದ ಇಲ್ಲಿಯವರೆಗೆ ವಾಯಿ ಅಕ್ಷರಗಳ ಆಕಾರ ಹೇಗೆ ಸರಳವಾಗುತ್ತಾ ಬಂತು ಅಂತ ಒಂದು ಒಳ್ಳೆಯ ಅಧ್ಯಯನವೂ ಪ್ರಕಟವಾಗಿದೆ. ತಲೆಮಾರಿನಿಂದ ತಲೆಮಾರಿಗೆ ಗೆರೆಗಳು ಕಡಿಮೆಯಾಗಿವೆ. ಒಂದೇ ಅಕ್ಷರ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ರೂಪ.

ಹಂತ 2: ಕನ್ನಡದ ಲೆಕ್ಕ ಬದಿಗಿಡಿ

ಕನ್ನಡ ಓದುವವರಿಗೆ ಇಲ್ಲಿ ಅಭ್ಯಾಸವೇ ಅಡ್ಡ ಬರುತ್ತದೆ. ನಮಗೆ ಕ, ಕಾ, ಕಿ, ಕೀ ಒಂದೇ ಕುಟುಂಬ. ಮೂಲ ಅಕ್ಷರಕ್ಕೆ ಗುಣಿತದ ಚಿಹ್ನೆ ಸೇರುತ್ತದೆ. ವಾಯಿಯಲ್ಲಿ ಗುಣಿತ ಅನ್ನುವುದೇ ಇಲ್ಲ. ಕ, ಕಿ, ಕು ಮೂರಕ್ಕೂ ಮೂರು ಸ್ವತಂತ್ರ ಅಕ್ಷರ. ಒಂದರ ಆಕಾರ ನೋಡಿ ಇನ್ನೊಂದನ್ನು ಊಹಿಸಲು ಆಗುವುದಿಲ್ಲ. ಒತ್ತಕ್ಷರವೂ ಇಲ್ಲ. ಬರವಣಿಗೆ ಎಡದಿಂದ ಬಲಕ್ಕೆ.

ಇದರಿಂದ ಕಂಪ್ಯೂಟರಿಗೆ ತುಂಬಾ ಅನುಕೂಲ. ‘ಕನ್ನಡ’ ಅನ್ನುವ ಪದದಲ್ಲಿ ನಮಗೆ ಕಾಣುವುದು ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಅದು ಐದು ಕೋಡ್: ಕ, ನ, ವಿರಾಮ (‘ನ್’ ಆಗಿಸುವ ಚಿಹ್ನೆ), ನ, ಡ. ಫಾಂಟ್ ಒಳಗಿನ ನಿಯಮಗಳು ಸೇರಿ ‘ನ್ನ’ವನ್ನು ಕಟ್ಟುತ್ತವೆ. ವಾಯಿಯಲ್ಲಿ ಕಣ್ಣಿಗೆ ಕಾಣುವ ಒಂದು ಅಕ್ಷರಕ್ಕೆ ಒಂದೇ ಕೋಡ್. ಕರ್ಸರ್ ಎಲ್ಲಿ ನಿಲ್ಲಬೇಕು, ಬ್ಯಾಕ್‌ಸ್ಪೇಸ್ ಒತ್ತಿದರೆ ಎಷ್ಟು ಅಳಿಯಬೇಕು ಅನ್ನುವ ತಲೆನೋವು ಇಲ್ಲ. ಒಂದೇ ಅಕ್ಷರವನ್ನು ಎರಡು ಬಗೆಯಲ್ಲಿ ಜೋಡಿಸುವ ಸಾಧ್ಯತೆಯೂ ಇಲ್ಲ. ಹಾಗಾಗಿ ನಾರ್ಮಲೈಸೇಶನ್, ಅಂದರೆ ಹಲವು ಬಗೆಯಲ್ಲಿ ಜೋಡಿಸಿದ್ದನ್ನು ಒಂದೇ ರೂಪಕ್ಕೆ ತರುವ ಕೆಲಸ, ಮಾಡಿದರೂ ಪಠ್ಯ ಹಾಗೇ ಉಳಿಯುತ್ತದೆ.

ವಾಯಿ ಭಾಷೆಯಲ್ಲಿ ಏಳು ಸ್ವರಗಳಿವೆ. ಅವುಗಳಲ್ಲಿ ಐದು ಮೂಗಿನಿಂದ ಬರುವ ರೂಪದಲ್ಲೂ ಇವೆ. ವ್ಯಂಜನಗಳೂ ವ್ಯಂಜನದ ಜೋಡಿಗಳೂ ಸೇರಿ ಸುಮಾರು ಮೂವತ್ತು. ಇವು ಸ್ವರಗಳ ಜೊತೆ ಸೇರಿ ಇನ್ನೂರ ಅರವತ್ತಕ್ಕೂ ಹೆಚ್ಚು ಅಕ್ಷರಗಳಾಗುತ್ತವೆ.

ಹಂತ 3: ಯೂನಿಕೋಡ್ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ

ವಾಯಿ ಲಿಪಿಯನ್ನು ಸೇರಿಸಬೇಕು ಅನ್ನುವ ಪ್ರಸ್ತಾವವನ್ನು 2005ರಲ್ಲಿ ಮೈಕೆಲ್ ಎವರ್ಸನ್, ಚಾರ್ಲ್ಸ್ ರೈಲಿ, ಹೊಸೆ ರಿವೇರಾ ಸಲ್ಲಿಸಿದರು. 2008ರ ಏಪ್ರಿಲ್‌ನಲ್ಲಿ ಬಂದ ಯೂನಿಕೋಡ್ 5.1ರಲ್ಲಿ ಲಿಪಿ ಸೇರಿತು. ಯೂನಿಕೋಡ್ ತಾಣದಿಂದ ಇದರ ಪಟ್ಟಿಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟುಕೊಳ್ಳಿ. ಪರದೆಯ ಮೇಲೆ ಹಿಂದೆ ಮುಂದೆ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ.

ವಾಯಿಗೆ ಸಿಕ್ಕಿರುವ ಜಾಗ ಎ500ರಿಂದ ಎ63ಎಫ್ ತನಕ, ಒಟ್ಟು 320 ಮನೆ. ಈ ಜಾಗವನ್ನೇ ಬ್ಲಾಕ್ ಅನ್ನುತ್ತಾರೆ. ಅದರಲ್ಲಿ ತುಂಬಿರುವುದು 300. ಅವು ಹೀಗೆ ಹಂಚಿಕೆಯಾಗಿವೆ: ಎ500ರಿಂದ ಎ60ಬಿ ತನಕ 268 ಸಾಮಾನ್ಯ ಅಕ್ಷರಗಳು. ಕೊನೆಯದಾದ ಎ60ಬಿ, ಪದದ ಕೊನೆಯಲ್ಲಿ ಬರುವ ‘ಙ್’ ಧ್ವನಿ. ಎ60ಸಿ ಸ್ವರವನ್ನು ಉದ್ದ ಮಾಡುವ ಚಿಹ್ನೆ. ಎ60ಡಿ, ಎ60ಇ, ಎ60ಎಫ್ ಕ್ರಮವಾಗಿ ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನೆಯ ಗುರುತು. ಎ610ರಿಂದ ಮೂರು, ಕೊನೆಯಲ್ಲಿ ಎ62ಎ ಮತ್ತು ಎ62ಬಿ ಎರಡು, ಹೀಗೆ ಐದು ಹಳೆಯ ಅಕ್ಷರಗಳು. ಇವುಗಳ ಹೆಸರಿನಲ್ಲಿ ‘ಎನ್ಡೋಲೆ’ ಅನ್ನುವ ಪದ ಇರುವುದರಿಂದ ಬೇಗ ಗುರುತು ಸಿಗುತ್ತದೆ. ಎ613ರಿಂದ ಎ61ಎಫ್ ತನಕ 13 ಪದಚಿಹ್ನೆಗಳು, ಅಂದರೆ ಒಂದೇ ಗುರುತು ಇಡೀ ಪದವನ್ನು ಹೇಳುವಂಥವು: ಕಾಲು, ಹಸು, ತಲೆ, ಗುಲಾಮ, ಹೀಗೆ. ಹಳೆಯ ಬರಹಗಳಲ್ಲಿ ಮಾತ್ರ ಸಿಗುತ್ತವೆ. ಎ620ರಿಂದ ಎ629 ಅಂಕಿಗಳು.

ಪಟ್ಟಿಯ ಕ್ರಮ ನಮ್ಮ ವರ್ಣಮಾಲೆಯ ಹಾಗಿಲ್ಲ. ಒಂದು ಸ್ವರ ತೆಗೆದುಕೊಂಡು ಅದರ ಎಲ್ಲ ವ್ಯಂಜನಗಳನ್ನೂ ಮುಗಿಸಿ, ಆಮೇಲೆ ಮುಂದಿನ ಸ್ವರಕ್ಕೆ ಹೋಗುತ್ತದೆ. ‘ಕಿ’ ಒಂದು ಕಡೆ, ‘ಕು’ ಎಷ್ಟೋ ದೂರ. ಈ ಕ್ರಮವನ್ನು ಸೂಚಿಸಿದ್ದು ವಾಯಿ ಲಿಪಿ ಬಲ್ಲ ತಜ್ಞರ ಗುಂಪೇ.

ಹೆಸರುಗಳಲ್ಲಿ ಒಂದು ಜಾರುವ ಜಾಗ ಇದೆ. ಯೂನಿಕೋಡ್ ಹೆಸರಿನಲ್ಲಿ ಇಂಗ್ಲಿಷಿನ ಇ ಎರಡು ಸಲ ಬಂದರೆ ನಾವು ಸುಮ್ನೆ ‘ಈ’ ಅಂತ ಓದಿಬಿಡುತ್ತೇವೆ. ಇಲ್ಲಿ ಅದು ‘ಎಲೆ’ಯಲ್ಲಿ ಬರುವಂಥ ಮಾಮೂಲಿ ‘ಎ’. ಇ ಒಂದೇ ಇದ್ದರೆ ಬಾಯಿ ಇನ್ನೂ ಅಗಲ ಮಾಡಿ ಹೇಳುವ ‘ಎ’. ಹಾಗೆಯೇ ಓ ಎರಡು ಇದ್ದರೆ ಮಾಮೂಲಿ ‘ಒ’, ಒಂದೇ ಇದ್ದರೆ ಬಾಯಿ ತೆರೆದು ಹೇಳುವ ‘ಒ’. ಉದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇನ್ನೊಂದು, ಬಿ ಮತ್ತು ಎಚ್ ಸೇರಿ ಬಂದರೆ ಅದು ನಮ್ಮ ‘ಭ’ ಅಲ್ಲ. ಗಾಳಿಯನ್ನು ಒಳಕ್ಕೆ ಎಳೆದು ಹೇಳುವ ಒಂದು ಬಗೆಯ ‘ಬ’. ಕನ್ನಡದಲ್ಲಿ ಅಂಥ ಧ್ವನಿ ಇಲ್ಲ. ಈ ಕೆಲವನ್ನು ಮೊದಲ ದಿನವೇ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ.

ಹಂತ 4: ಓದಬಲ್ಲವರ ಜೊತೆ ಕೂತು ಓದಿ

ಈ ಹಂತಕ್ಕೆ ಉಳಿದ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ.

ವಾಯಿ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ವಾಯಿ ರಾಗದ ಭಾಷೆ, ಧ್ವನಿಯ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ಆ ಏರಿಳಿತವನ್ನೂ ಬರೆಯುವುದಿಲ್ಲ. ಹಾಗಾದರೆ ಜನ ಹೇಗೆ ಓದುತ್ತಾರೆ? 1970ರ ದಶಕದಲ್ಲಿ ಸಿಲ್ವಿಯಾ ಸ್ಕ್ರಿಬ್ನರ್ ಮತ್ತು ಮೈಕೆಲ್ ಕೋಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಲೈಬೀರಿಯಾದಲ್ಲಿ ಇದನ್ನೇ ಹತ್ತಿರದಿಂದ ನೋಡಿದರು. ವಾಯಿ ಲಿಪಿಯನ್ನು ಜನ ಶಾಲೆಯಲ್ಲಿ ಕಲಿಯುತ್ತಿರಲಿಲ್ಲ. ಬಲ್ಲ ಗೆಳೆಯರು, ನೆಂಟರು ಬಿಡುವಿನಲ್ಲಿ ಕಲಿಸುತ್ತಿದ್ದರು. ಕಾಗದ ಬಂದರೆ ಅಕ್ಷರಗಳನ್ನು ಜೋರಾಗಿ ಹೇಳಿ, ಎಳೆದು, ಮತ್ತೆ ಬೇರೆ ಥರ ಹೇಳಿ, ಅರ್ಥ ಕೂಡುವ ತನಕ ಓದುತ್ತಿದ್ದರು. ಈ ಲಿಪಿಯನ್ನು ಓದುವ ಕ್ರಮವೇ ಅದು.

ಆದ್ದರಿಂದ ಸ್ಕ್ಯಾನ್ ಮುಂದೆ ಇಟ್ಟುಕೊಂಡು ಒಬ್ಬರೇ ಆಕಾರ ಹೋಲಿಸುತ್ತಾ ಹೋದರೆ ಕೆಲಸ ಕೆಡುತ್ತದೆ. ವಾಯಿ ಮಾತಾಡುವ, ಲಿಪಿ ಬಲ್ಲ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ದೂರದಲ್ಲಿದ್ದರೆ ವಿಡಿಯೋ ಕರೆ ಸಾಕು. ಅವರು ಜೋರಾಗಿ ಓದಲಿ. ಅನುಮತಿ ಕೇಳಿ ಅದನ್ನು ರೆಕಾರ್ಡ್ ಮಾಡಿಕೊಳ್ಳಿ. ಲಿಪಿ ಹಿಡಿದಿಡದ ರಾಗ ಆ ರೆಕಾರ್ಡಿಂಗಿನಲ್ಲಿ ಉಳಿಯುತ್ತದೆ. ಅವರ ಸಮಯಕ್ಕೆ ಸಂಬಳ ಕೊಡಿ, ಪ್ರಕಟಿಸುವಾಗ ಅವರು ಒಪ್ಪಿದರೆ ಹೆಸರು ಹಾಕಿ. ಕಾಗದ ಯಾರ ಮನೆಯದ್ದೋ ಅವರ ಒಪ್ಪಿಗೆಯೂ ಬೇಕು. ಖಾಸಗಿ ಪತ್ರ, ಸಾಲದ ಲೆಕ್ಕ ಇಂಥವು ಹಲವು ಇರುತ್ತವೆ. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಅವು ಎಲ್ಲರ ಸ್ವತ್ತಾಗುವುದಿಲ್ಲ.

ಓದುತ್ತಾ ಹೋದ ಹಾಗೆ ಮೂರು ಸಾಲು ತಯಾರಿಸಿ. ಮೊದಲನೆಯದು ಪುಟ ಮತ್ತು ಸಾಲಿನ ಸಂಖ್ಯೆ. ಎರಡನೆಯದು ಅಕ್ಷರ ಅಕ್ಷರವಾಗಿ ಯೂನಿಕೋಡ್ ಹೆಸರು. ಮೂರನೆಯದು ಅನುಮಾನ. ಮೂರನೆಯದನ್ನು ಖಾಲಿ ಬಿಡಲು ಮನಸ್ಸಾಗುತ್ತದೆ, ಬಿಡಬೇಡಿ. ‘ಇದು ವಾ ಅಕ್ಷರ, ಆದರೆ ಮೇಲಿನ ಗೆರೆ ಇಲ್ಲ’ ಅಂತ ಬರೆದಿಟ್ಟ ಟಿಪ್ಪಣಿ ಮುಂದೆ ಫಾಂಟ್ ಮಾಡುವವರಿಗೆ ಚಿನ್ನ.

ಒಂದೇ ಅಕ್ಷರ ಪುಟದಲ್ಲಿ ಎರಡು ಆಕಾರದಲ್ಲಿ ಬಂದರೆ ಏನು ಮಾಡಬೇಕು? ಓದುವವರು ಎರಡನ್ನೂ ಒಂದೇ ಅಂದರೆ ಒಂದೇ ಕೋಡ್ ಕೊಡಿ. ಯೂನಿಕೋಡ್ ಹಿಡಿದಿಡುವುದು ಅಕ್ಷರವನ್ನು, ಕೈಬರಹದ ತಿರುವನ್ನಲ್ಲ. ನನ್ನ ‘ಕ’ವೂ ನಿಮ್ಮ ‘ಕ’ವೂ ಕಾಗದದಲ್ಲಿ ಬೇರೆ ಬೇರೆ ಇದ್ದರೂ ಕಂಪ್ಯೂಟರಿಗೆ ಒಂದೇ, ಅಲ್ವಾ? ಹಾಗೆಯೇ ಇದೂ. ಆಕಾರದ ವಿವರ ಬೇಕಿದ್ದರೆ ಅದಕ್ಕೆ ಚಿತ್ರ ಇದೆ.

ಹಂತ 5: ಫಾಂಟ್ ಹಾಕಿಕೊಳ್ಳಿ

ಇದು ಬೇಗ ಮುಗಿಯುತ್ತದೆ. ವಿಂಡೋಸ್ 7ರಿಂದೀಚೆಗೆ ಎಬ್ರಿಮಾ ಅನ್ನುವ ಫಾಂಟ್ ಜೊತೆಗೇ ಬರುತ್ತದೆ, ಅದರಲ್ಲಿ ವಾಯಿ ಇದೆ. ಇಲ್ಲದಿದ್ದರೆ ಗೂಗಲ್‌ನ ನೋಟೋ ಸಾನ್ಸ್ ವಾಯಿ ಉಚಿತವಾಗಿ ಸಿಗುತ್ತದೆ. ಅದರ ಲೈಸೆನ್ಸ್ ಮುಕ್ತವಾದದ್ದು, ನಿಮ್ಮ ತಾಣದಲ್ಲೇ ಇಟ್ಟು ಓದುಗರಿಗೆ ಕೊಡಬಹುದು.

ಸರಿ ಇದೆಯಾ ನೋಡಲು ಒಂದು ಸಣ್ಣ ಪರೀಕ್ಷೆ. ಒಂದು ಎಚ್‌ಟಿಎಂಎಲ್ ಫೈಲಿನಲ್ಲಿ ꕙꔤ ಅಂತ ಬರೆದು ಬ್ರೌಸರಿನಲ್ಲಿ ತೆರೆಯಿರಿ. ಈ ಸಂಖ್ಯೆಗಳು ಮಾತ್ರ ಹತ್ತರ ಎಣಿಕೆಯಲ್ಲಿವೆ. ಮೊದಲನೆಯದು ‘ವಾ’, ಅಂದರೆ ಹದಿನಾರರ ಎಣಿಕೆಯಲ್ಲಿ ಎ559. ಎರಡನೆಯದು ‘ಇ’, ಅಂದರೆ ಎ524. ಎರಡೂ ಸೇರಿ ‘ವಾಯಿ’. ಎರಡು ಅಕ್ಷರ ಕಂಡರೆ ಸರಿ, ಖಾಲಿ ಚೌಕ ಕಂಡರೆ ಫಾಂಟ್ ಇನ್ನೂ ಬಂದಿಲ್ಲ.

ಫಾಂಟಿನ ಆಕಾರ ನಿಮ್ಮ ಹಸ್ತಪ್ರತಿಯ ಆಕಾರಕ್ಕೆ ಹೊಂದದಿದ್ದರೆ ಗಾಬರಿ ಬೇಡ. ಕೋಡ್ ಸರಿ ಇದ್ದರೆ ಸಾಕು. ಆದರೆ ಆಕಾರ ಹೊಂದುತ್ತದೆ ಅಂತ ಬೇರೆ ಲಿಪಿಯ ಅಕ್ಷರವನ್ನೋ ಗಣಿತದ ಚಿಹ್ನೆಯನ್ನೋ ತಂದು ಕೂರಿಸಬೇಡಿ. ಹಾಗೆ ಮಾಡಿದ ಪಠ್ಯ ಕಣ್ಣಿಗೆ ಚೆನ್ನಾಗಿ ಕಂಡರೂ ಹುಡುಕಿದರೆ ಸಿಗುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಕೋಡಿಗೆ ಕನ್ನಡದ ಆಕಾರ ಕೂರಿಸಿದ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಫೈಲುಗಳನ್ನು ಬಿಡಿಸಲು ನಾವು ಪಟ್ಟ ಪಾಡು ನೆನಪಿದ್ದರೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಹಂತ 6: ಟೈಪ್ ಮಾಡುವ ವ್ಯವಸ್ಥೆ

ಹತ್ತಿಪ್ಪತ್ತು ಅಕ್ಷರಕ್ಕೆ ಕೀಬೋರ್ಡ್ ಬೇಡ. ವರ್ಡ್ ಅಥವಾ ಲಿಬ್ರೆಆಫೀಸ್‌ನಲ್ಲಿ ಕೋಡ್ ಬರೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಅಕ್ಷರ ಬರುತ್ತದೆ. ಲಿನಕ್ಸ್‌ನ ಹಲವು ಕಡೆ ಕಂಟ್ರೋಲ್, ಶಿಫ್ಟ್, ಯು ಒತ್ತಿ ಕೋಡ್ ಬರೆಯಬಹುದು.

ಇಡೀ ಪುಟ ಟೈಪ್ ಮಾಡಬೇಕಾದರೆ ಕೀಬೋರ್ಡ್ ಬೇಕೇ ಬೇಕು. ಸುಮಾರು 270 ಅಕ್ಷರಗಳನ್ನು ಕೀಲಿಗಳ ಮೇಲೆ ಒಂದೊಂದಾಗಿ ಹಂಚಲು ಆಗುವುದಿಲ್ಲ. ಉಚ್ಚಾರಣೆಯಂತೆ ಟೈಪ್ ಮಾಡುವ ಪದ್ಧತಿಯೇ ಒಳ್ಳೆಯದು. ಕೀಮ್ಯಾನ್ ಡೆವಲಪರ್ ಎಂಬ ಉಚಿತ ತಂತ್ರಾಂಶದಲ್ಲಿ ಇಂಥದ್ದನ್ನು ನೀವೇ ಮಾಡಬಹುದು. ನಿಯಮದ ರೂಪ ಸರಳ. ಇಂಗ್ಲಿಷಿನ ವಿ ಒತ್ತಿದಾಗ ವಿ ಹಾಗೇ ನಿಲ್ಲುತ್ತದೆ. ಮುಂದೆ ಎ ಒತ್ತಿದ ಕೂಡಲೇ ಎರಡೂ ಮಾಯವಾಗಿ ಎ559 ಬರುತ್ತದೆ. ಸ್ವರ ಬರುವ ತನಕ ಕಾಯುವುದೇ ಇದರ ಗುಟ್ಟು. ಏಕೆಂದರೆ ವಾಯಿಯಲ್ಲಿ ಕ್ಪ, ಗ್ಬ, ಮ್ಬ, ನ್ಡ, ಮ್ಗ್ಬ ಇಂಥ ಜೋಡಿ ವ್ಯಂಜನಗಳಿಗೂ ಒಂದೇ ಅಕ್ಷರ. ಎನ್ ಒತ್ತಿದ ಕೂಡಲೇ ಏನಾದರೂ ಮಾಡಿದರೆ ‘ನ್ಡ’ ಬರೆಯಲು ದಾರಿ ಇರುವುದಿಲ್ಲ. ನಿಯಮಗಳನ್ನು ಬರೆಯುವಾಗ ಉದ್ದದ ಜೋಡಿ ಮೊದಲು ಹೊಂದಬೇಕು, ಆಮೇಲೆ ಚಿಕ್ಕದ್ದು.

ಸ್ವರ ಏಳು, ಇಂಗ್ಲಿಷಿನಲ್ಲಿ ಸಿಗುವ ಸ್ವರಾಕ್ಷರ ಐದು. ಬಾಯಿ ತೆರೆದು ಹೇಳುವ ‘ಎ’, ‘ಒ’ ಎರಡಕ್ಕೆ ಬೇರೆ ಕೀಲಿ ಬೇಕು. ಕ್ಯೂ ಮತ್ತು ಎಕ್ಸ್ ವ್ಯಂಜನವಾಗಿ ಬೇಕಾಗುವುದಿಲ್ಲ, ಅವನ್ನು ಬಳಸಿಕೊಳ್ಳಿ. ಉದ್ದದ ಚಿಹ್ನೆಗೆ ಕೋಲನ್ ಇಡಬಹುದು. ಇವು ನನ್ನ ಸಲಹೆ ಅಷ್ಟೇ. ದಿನವೂ ಟೈಪ್ ಮಾಡುವವರು ಬೇರೆ ಏನಾದರೂ ಕೇಳಿದರೆ ಅದನ್ನೇ ಮಾಡಿ.

ಹಂತ 7: ಬರೆದದ್ದನ್ನೇ ಬರೆಯಿರಿ

ಈಗ ಟೈಪಿಂಗ್. ನಿಯಮ ಒಂದೇ: ಕಾಗದದಲ್ಲಿ ಏನಿದೆಯೋ ಅದು. ತಿದ್ದಬೇಡಿ.

ಇದು ಕೇಳಲು ಸುಲಭ, ಮಾಡುವಾಗ ಕೈ ತುರಿಸುತ್ತದೆ. ಉದ್ದ ಸ್ವರವನ್ನೇ ನೋಡಿ. ವಾಯಿಯಲ್ಲಿ ಅದನ್ನು ಬರೆಯಲು ಒಂದಕ್ಕಿಂತ ಹೆಚ್ಚು ದಾರಿ ಇದೆ. ಅಕ್ಷರದ ಮುಂದೆ ಅದೇ ಸ್ವರವನ್ನು ಇನ್ನೊಮ್ಮೆ ಬರೆಯುವುದು ಒಂದು. ಎ60ಸಿ ಚಿಹ್ನೆ ಹಾಕುವುದು ಇನ್ನೊಂದು. ಕೆಲವರು ‘ಹ’ ಸಾಲಿನ ಅಕ್ಷರವನ್ನೇ ಉದ್ದಕ್ಕೆ ಬಳಸುತ್ತಾರೆ. ಒಂದೇ ಪುಟದಲ್ಲಿ ಮೂರೂ ಸಿಕ್ಕರೆ ಮೂರನ್ನೂ ಹಾಗೇ ಟೈಪ್ ಮಾಡಿ. ಎಲ್ಲವನ್ನೂ ಒಂದೇ ಅಚ್ಚಿಗೆ ತಂದರೆ ಬರೆದವರ ಕೈ ಅಳಿಸಿಹೋಗುತ್ತದೆ.

ವಾಕ್ಯದ ಕೊನೆಗೂ ಇದೇ ಮಾತು. ಎ60ಇ ಪೂರ್ಣವಿರಾಮ ಇದೆ. ಅದನ್ನು ಎರಡು ಸಲ ಹಾಕಿದರೆ ಆಶ್ಚರ್ಯದ ಗುರುತು, ಅದಕ್ಕೆ ಬೇರೆ ಕೋಡ್ ಇಲ್ಲ. ಆದರೆ ಕೆಲವು ವಾಯಿ ಬರಹಗಾರರು ವಾಕ್ಯ ಮುಗಿಸಲು ಎ502 ಅನ್ನುವ ‘ಹೆ’ ಅಕ್ಷರವನ್ನು ಹಾಕುತ್ತಾರೆ. ಅಲ್ಲಿ ನೀವೂ ಎ502 ಟೈಪ್ ಮಾಡಿ, ಪೂರ್ಣವಿರಾಮವಾಗಿ ಬದಲಾಯಿಸಬೇಡಿ. ಯುರೋಪಿನ ವಿರಾಮಚಿಹ್ನೆ ಬಳಸಿದ್ದರೆ ಅದನ್ನೇ ಹಾಕಿ, ಬಹಳ ಜನ ಅದನ್ನೂ ಬಳಸುತ್ತಾರೆ.

ಅಂಕಿಗಳಲ್ಲಿ ಉಲ್ಟಾ ಎಚ್ಚರಿಕೆ ಬೇಕು. ವಾಯಿ ಅಂಕಿಗಳು ಯೂನಿಕೋಡ್‌ನಲ್ಲಿ ಇವೆ ಅಂತ ಉತ್ಸಾಹದಿಂದ ಎಲ್ಲ ಕಡೆ ಹಾಕಬೇಡಿ. ಅವನ್ನು ರೂಪಿಸಿದ್ದು 1920ರ ದಶಕದಲ್ಲಿ. ಜನರಲ್ಲಿ ಅವು ಬಳಕೆಗೆ ಬರಲೇ ಇಲ್ಲ. ಹಳೆಯ ದಾಖಲೆಗಾಗಿ ಮಾತ್ರ ಉಳಿಸಿಕೊಂಡಿದ್ದಾರೆ. ವಾಯಿ ಬರಹದಲ್ಲಿ ಇವತ್ತು ಬಳಸುವುದು 1, 2, 3 ಅಂಕಿಗಳನ್ನೇ. ವಾಯಿ ಲಿಪಿಗೆ ಗೌರವ ಕೊಡುತ್ತೇವೆ ಅಂತ ವಾಯಿ ಜನ ಬಳಸದ್ದನ್ನು ಹೇರುವುದು ಗೌರವ ಆಗುವುದಿಲ್ಲ.

ಪದದ ಕೊನೆಯ ‘ಙ್’ ಮತ್ತು ಮೂಗಿನ ಸ್ವರ ಇರುವ ಅಕ್ಷರ, ಇವೆರಡು ಬೇರೆ ಬೇರೆ ಅನ್ನುವುದನ್ನು ಮರೆಯಬೇಡಿ. ಎ60ಬಿ ಬಿಡಿಯಾಗಿ ನಿಲ್ಲುವ ಅಕ್ಷರ. ಮೂಗಿನ ‘ಹಾಂ’, ‘ವಾಂ’ ಇಂಥವುಗಳಿಗೆ ತಮ್ಮದೇ ಕೋಡ್ ಇದೆ. ಕಿವಿಗೆ ಹತ್ತಿರ ಕೇಳಿದರೂ ಕಾಗದದಲ್ಲಿ ಎಷ್ಟು ಗುರುತು ಇವೆ ಅಂತ ಎಣಿಸಿ.

ಹಂತ 8: ಉಳಿಸಿ, ಪರೀಕ್ಷಿಸಿ

ಫೈಲನ್ನು ಯುಟಿಎಫ್-8 ಆಗಿ ಉಳಿಸಿ. ಯೂನಿಕೋಡ್ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ರೀತಿ ಅದು. ವಾಯಿ ಅಕ್ಷರಕ್ಕೆ ಮೂರು ಬೈಟ್ ಬೇಕು, ಕನ್ನಡದಷ್ಟೇ. ಹಾಗಾಗಿ ಕನ್ನಡ ಸರಿಯಾಗಿ ನಿಲ್ಲುವ ಡೇಟಾಬೇಸ್‌ನಲ್ಲಿ ವಾಯಿಯೂ ನಿಲ್ಲುತ್ತದೆ. ಆದರೂ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಬಳಸುವವರು ಯುಟಿಎಫ್8ಎಂಬಿ4 ಆಯ್ಕೆಯನ್ನೇ ಮಾಡಿ. ಹಳೆಯ ಯುಟಿಎಫ್8 ಆಯ್ಕೆಯಲ್ಲಿ ಮೂರು ಬೈಟಿಗಿಂತ ಹೆಚ್ಚು ಹಿಡಿಸುವುದಿಲ್ಲ. ನಾಳೆ ಪಕ್ಕದ ಮೆಂಡೆ ಭಾಷೆಯ ಕಿಕಾಕುಯಿ ಲಿಪಿಯ ಪಠ್ಯ ಬಂದರೆ ಅದಕ್ಕೆ ನಾಲ್ಕು ಬೈಟ್ ಬೇಕು.

ಪರೀಕ್ಷೆಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸಾಕು. ಅದರ ಯೂನಿಕೋಡ್‌ಡೇಟಾ ಮಾಡ್ಯೂಲ್ ಪ್ರತಿ ಅಕ್ಷರದ ಅಧಿಕೃತ ಹೆಸರನ್ನು ಹೇಳುತ್ತದೆ. ಇಡೀ ಪುಟದ ಹೆಸರುಗಳನ್ನು ಸಾಲಾಗಿ ತೆಗೆದು, ನಾಲ್ಕನೇ ಹಂತದಲ್ಲಿ ಮಾಡಿದ ಪಟ್ಟಿಯ ಪಕ್ಕ ಇಡಿ. ಎರಡಕ್ಕೂ ವ್ಯತ್ಯಾಸ ಇರುವ ಕಡೆ ತಪ್ಪು ಇದೆ ಅಂತ ಅರ್ಥ. ವಾಯಿ ಬ್ಲಾಕಿನ ಹೊರಗಿನ ಅಕ್ಷರಗಳನ್ನು ಬೇರೆ ಪಟ್ಟಿ ಮಾಡಿ. ಅಲ್ಲಿ ಅಂಕಿ, ವಿರಾಮಚಿಹ್ನೆ ಬಿಟ್ಟು ಬೇರೆ ಏನಾದರೂ ಕಂಡರೆ ಕೀಬೋರ್ಡಿನಿಂದ ನುಸುಳಿದ್ದು.

ಭಾಷೆಯ ಗುರುತನ್ನೂ ಹಾಕಿ. ವಾಯಿ ಭಾಷೆಯ ಸಂಕೇತ ಇಂಗ್ಲಿಷಿನ ವಿ, ಎ, ಐ. ಲಿಪಿಯ ಸಂಕೇತದಲ್ಲಿ ಐ ಎರಡು ಸಲ: ವಿ, ಎ, ಐ, ಐ. ವಾಯಿಯನ್ನು ರೋಮನ್ ಲಿಪಿಯಲ್ಲೂ ಬರೆಯುತ್ತಾರೆ, ಹಾಗಾಗಿ ಭಾಷೆ ಮತ್ತು ಲಿಪಿ ಎರಡನ್ನೂ ನಡುವೆ ಸಣ್ಣ ಗೆರೆ ಹಾಕಿ ಬರೆಯುವುದು ಒಳ್ಳೆಯದು.

ಹಂತ 9: ವೆಬ್ ಪುಟದಲ್ಲಿ ಸಾಲು ಮುರಿಯುವುದು

ಪುಟವನ್ನು ಬ್ರೌಸರಿನಲ್ಲಿ ತೆರೆದ ಕೂಡಲೇ ಒಂದು ತೊಂದರೆ ಕಾಣುತ್ತದೆ. ಸಾಲು ಬಲಕ್ಕೆ ಓಡುತ್ತಾ ಪರದೆಯ ಆಚೆ ಹೋಗುತ್ತದೆ. ಕಾರಣ ಇಷ್ಟೇ. ಬ್ರೌಸರ್ ಸಾಲನ್ನು ಮುರಿಯಲು ಖಾಲಿ ಜಾಗ ಹುಡುಕುತ್ತದೆ, ವಾಯಿಯಲ್ಲಿ ಅದು ಇಲ್ಲ. ಚೀನೀ ಅಕ್ಷರಗಳಿಗೆ ಎಲ್ಲಿ ಬೇಕಾದರೂ ಮುರಿಯಬಹುದು ಅಂತ ನಿಯಮ ಇದೆ, ವಾಯಿ ಅಕ್ಷರಗಳನ್ನು ಯೂನಿಕೋಡ್ ಮಾಮೂಲಿ ಅಕ್ಷರಗಳ ಗುಂಪಿಗೇ ಸೇರಿಸಿದೆ.

ಸಿಎಸ್‌ಎಸ್‌ನಲ್ಲಿ (ವೆಬ್ ಪುಟದ ರೂಪ ಹೇಳುವ ಭಾಷೆ) ಎಲ್ಲಿ ಬೇಕಾದರೂ ಮುರಿ ಅಂತ ಹೇಳಬಹುದು. ಆಗ ಸಾಲು ಒಳಗೆ ನಿಲ್ಲುತ್ತದೆ, ಆದರೆ ಮುರಿಯಬಾರದ ಕಡೆಯೂ ಮುರಿಯುತ್ತದೆ. ವಾಯಿಯಲ್ಲಿ ಸಾಲು ಹೆಚ್ಚು ಕಡಿಮೆ ಯಾವ ಅಕ್ಷರದ ನಡುವೆಯೂ ಮುರಿಯಬಹುದು, ಕೆಲವು ಕಡೆ ಮಾತ್ರ ಬೇಡ. ಪದದ ಕೊನೆಯ ಎ60ಬಿ ಹೊಸ ಸಾಲಿನ ಮೊದಲಿಗೆ ಬರಬಾರದು. ಎ60ಸಿ ಬರಲೇಬಾರದು. ಉದ್ದಕ್ಕಾಗಿ ಬಳಸಿದ ‘ಹ’ ಸಾಲಿನ ಅಕ್ಷರವೂ ಬೇಡ. ವಿರಾಮಚಿಹ್ನೆಯೂ ಬೇಡ.

ನನಗೆ ಸರಿ ಅನ್ನಿಸುವ ದಾರಿ ಇದು. ಪುಟ ತಯಾರಿಸುವ ಹೊತ್ತಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಪ್ರತಿ ಅಕ್ಷರದ ಮುಂಚೆ, ಇಲ್ಲಿ ಸಾಲು ಮುರಿಯಬಹುದು ಅಂತ ಬ್ರೌಸರಿಗೆ ಹೇಳುವ ಡಬ್ಲ್ಯುಬಿಆರ್ ಟ್ಯಾಗ್ ಹಾಕಲಿ, ಮೇಲೆ ಹೇಳಿದ ಅಕ್ಷರಗಳ ಮುಂಚೆ ಮಾತ್ರ ಬಿಡಲಿ. ‘ಹ’ ಸಾಲಿನದ್ದು ಉದ್ದಕ್ಕೋ ಅಲ್ಲವೋ ಅಂತ ಪ್ರೋಗ್ರಾಂಗೆ ಪೂರ್ತಿ ತಿಳಿಯುವುದಿಲ್ಲ. ಹಿಂದಿನ ಅಕ್ಷರದ ಸ್ವರವೂ ಇದರ ಸ್ವರವೂ ಒಂದೇ ಆದರೆ ಮುರಿಯಬೇಡ ಅಂತ ನಿಯಮ ಇಟ್ಟರೆ ಬಹುಪಾಲು ಸರಿಹೋಗುತ್ತದೆ. ಅಗಲವಿಲ್ಲದ ಖಾಲಿ ಜಾಗದ ಕೋಡ್ ಹಾಕಿಯೂ ಇದೇ ಕೆಲಸ ಮಾಡಬಹುದು, ಆದರೆ ಯಾರಾದರೂ ಪಠ್ಯ ಕಾಪಿ ಮಾಡಿದರೆ ಅದೂ ಜೊತೆಗೆ ಹೋಗುತ್ತದೆ. ಟ್ಯಾಗ್ ಹಾಗಲ್ಲ. ಏನೇ ಮಾಡಿದರೂ ಮೂಲ ಫೈಲನ್ನು ಮುಟ್ಟಬೇಡಿ. ಇದು ತೋರಿಸುವಾಗಿನ ಅಲಂಕಾರ ಮಾತ್ರ.

ಹಂತ 10: ಹುಡುಕಾಟ ಮತ್ತು ಅಕಾರಾದಿ

ಬರೆದದ್ದನ್ನೇ ಬರೆಯಿರಿ ಅಂದೆನಲ್ಲ, ಅದರ ಬೆಲೆ ಇಲ್ಲಿ ಕಟ್ಟಬೇಕು. ಒಂದೇ ಪದ ಮೂರು ಕಾಗುಣಿತದಲ್ಲಿ ಇದ್ದರೆ ಹುಡುಕುವವರಿಗೆ ಒಂದು ಮಾತ್ರ ಸಿಗುತ್ತದೆ. ಪರಿಹಾರ, ಹುಡುಕಾಟಕ್ಕೆ ಅಂತಲೇ ಮರೆಯಲ್ಲಿ ಇನ್ನೊಂದು ಪ್ರತಿ. ಅದರಲ್ಲಿ ಎ60ಸಿಯನ್ನು ತೆಗೆದುಹಾಕಿ. ಹಿಂದಿನ ಅಕ್ಷರದ ಸ್ವರವೇ ಮತ್ತೆ ಬಂದಿದ್ದರೆ ಅದನ್ನೂ ತೆಗೆಯಿರಿ. ಹುಡುಕುವ ಪದಕ್ಕೂ ಇದೇ ಕತ್ತರಿ ಹಾಕಿ, ಆಮೇಲೆ ಹೋಲಿಸಿ. ತೋರಿಸುವುದು ಮಾತ್ರ ಮೂಲ ಪ್ರತಿಯನ್ನು. ಹೀಗೆ ಮಾಡಿದರೆ ಬೇಡದ ಫಲಿತಾಂಶ ಕೆಲವು ಬರುತ್ತವೆ, ಬೇಕಾದದ್ದು ತಪ್ಪಿಹೋಗುವುದಕ್ಕಿಂತ ಅದು ಮೇಲು.

ಅಕಾರಾದಿಗೆ ವಾಯಿಯಲ್ಲಿ ಹಳೆಯ ಸಂಪ್ರದಾಯ ಅಂತ ಇಲ್ಲ. ಪಟ್ಟಿಗಳಲ್ಲಿ ಅಕ್ಷರ ಜೋಡಿಸಿದ ಕ್ರಮ ಬಿಟ್ಟರೆ ಬೇರೆ ಆಧಾರ ಸಿಗುವುದಿಲ್ಲ. ಯೂನಿಕೋಡ್ ಬ್ಲಾಕಿನ ಕ್ರಮ ತಜ್ಞರು ಒಪ್ಪಿದ್ದು, ಅದನ್ನೇ ಅನುಸರಿಸಿ. ಪದಚಿಹ್ನೆಗಳನ್ನು ಮಾತ್ರ ಅವುಗಳ ಉಚ್ಚಾರಣೆ ಎಲ್ಲಿ ಬರುತ್ತದೋ ಅಲ್ಲಿಗೆ ಸೇರಿಸಿ.

ಹಂತ 11: ಪಟ್ಟಿಯಲ್ಲಿ ಇಲ್ಲದ ಅಕ್ಷರ ಸಿಕ್ಕರೆ

ಹಳೆಯ ಹಸ್ತಪ್ರತಿಯಲ್ಲಿ ಇದು ಆಗಬಹುದು. ಮೊದಲು ಅದು ಗೊತ್ತಿರುವ ಅಕ್ಷರದ ಹಳೆಯ ರೂಪವೇ ಅಂತ ನೋಡಿ. ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ನಿಜವಾಗಿಯೂ ಬೇರೆ ಅಂತ ಓದುವವರು ಹೇಳಿದರೆ ಯೂನಿಕೋಡ್‌ನ ಖಾಸಗಿ ಬಳಕೆಯ ಜಾಗದಿಂದ (ಅವರವರಿಗೆ ಬೇಕಾದ ಅಕ್ಷರಕ್ಕೆ ಬಳಸಲಿ ಅಂತ ಖಾಲಿ ಬಿಟ್ಟದ್ದು) ಒಂದು ಕೋಡ್ ತಾತ್ಕಾಲಿಕವಾಗಿ ಕೊಡಿ. ಅದರ ಚಿತ್ರ, ಉಚ್ಚಾರಣೆ, ಎಲ್ಲಿ ಸಿಕ್ಕಿತು, ಅಕ್ಕಪಕ್ಕದ ಪದ ಎಲ್ಲವನ್ನೂ ಒಂದು ಪುಟದಲ್ಲಿ ಬರೆದು ಫೈಲಿನ ಜೊತೆಗೇ ಇಡಿ. ಆ ಕೋಡ್ ನಿಮ್ಮ ಫಾಂಟ್ ಇಲ್ಲದ ಕಡೆ ಏನೂ ತೋರಿಸುವುದಿಲ್ಲ ಅನ್ನುವುದು ನೆನಪಿರಲಿ.

ಅದನ್ನು ಶಾಶ್ವತ ಮಾಡಬೇಕಾದರೆ ಯೂನಿಕೋಡ್ ಕನ್ಸಾರ್ಟಿಯಂಗೆ ಪ್ರಸ್ತಾವ ಕಳಿಸಬೇಕು. ಯಾರು ಬೇಕಾದರೂ ಕಳಿಸಬಹುದು. ಅವರು ಕೇಳುವುದು ಆಧಾರ: ಅಕ್ಷರ ಬಳಕೆಯಾದ ಮೂಲ ಪುಟಗಳ ಚಿತ್ರ, ಬಳಸುವವರ ಅಭಿಪ್ರಾಯ, ಅದು ಈಗಿರುವ ಅಕ್ಷರದ ಇನ್ನೊಂದು ರೂಪ ಅಲ್ಲ ಅನ್ನುವ ವಾದ, ಉಪಯೋಗಿಸಲು ಒಂದು ಫಾಂಟ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ಸ್ಕ್ರಿಪ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್ ಇಂಥ ಪ್ರಸ್ತಾವಗಳಿಗೆ ನೆರವಾಗುತ್ತದೆ. ಒಮ್ಮೆ ಸೇರಿದ ಕೋಡನ್ನೂ ಹೆಸರನ್ನೂ ಮುಂದೆ ಬದಲಾಯಿಸುವುದಿಲ್ಲ, ತೆಗೆಯುವುದೂ ಇಲ್ಲ. ಹಾಗಾಗಿ ನಿಧಾನ ಸಹಜ. ನಮ್ಮ ಕರಾವಳಿಯ ತುಳು-ತಿಗಳಾರಿ ಲಿಪಿ 2024ರ ಯೂನಿಕೋಡ್ 16ರಲ್ಲಿ ಸೇರಿದ್ದು ಇದೇ ದಾರಿಯಲ್ಲಿ.

ವಾಯಿಯ ನೆರೆಹೊರೆಯಲ್ಲಿ ಈ ಕೆಲಸ ಇನ್ನೂ ಬಾಕಿ ಇದೆ. ಸಿಯೆರಾ ಲಿಯೋನ್‌ನ ಮೆಂಡೆ ಕಿಕಾಕುಯಿ 2014ರಲ್ಲಿ ಯೂನಿಕೋಡ್ 7ರಲ್ಲಿ ಸೇರಿತು. ಅದು ಬಲದಿಂದ ಎಡಕ್ಕೆ ಹೋಗುವ ಲಿಪಿ, ಹಾಗಾಗಿ ಒಂಬತ್ತನೇ ಹಂತವನ್ನು ಅದಕ್ಕೆ ಪೂರ್ತಿ ಬೇರೆಯಾಗಿ ಮಾಡಬೇಕಾಗುತ್ತದೆ. ಲೈಬೀರಿಯಾದ ಲೋಮಾ ಮತ್ತು ಕ್ಪೆಲ್ಲೆ ಲಿಪಿಗಳು ಯೂನಿಕೋಡ್ 17ರ ತನಕವೂ ಸೇರಿಲ್ಲ. ಆ ಲಿಪಿಯ ಒಂದು ಪುಟ ನಿಮ್ಮ ಕೈಗೆ ಬಂದರೆ ಐದರಿಂದ ಹತ್ತರವರೆಗಿನ ಹಂತ ಸದ್ಯಕ್ಕೆ ಬಿಡಿ. ಒಳ್ಳೆಯ ಸ್ಕ್ಯಾನ್ ಮಾಡಿ, ಓದಬಲ್ಲವರನ್ನು ಹುಡುಕಿ ಜೋರಾಗಿ ಓದಿಸಿ, ರೆಕಾರ್ಡ್ ಮಾಡಿ, ಪ್ರತಿ ಗುರುತಿಗೂ ಒಂದು ಟಿಪ್ಪಣಿ ಬರೆಯಿರಿ. ಮುಂದೆ ಪ್ರಸ್ತಾವ ಬರೆಯುವವರು ಮೊದಲು ಕೇಳುವುದು ಅದನ್ನೇ.